ಬಿಸಿಲುನಾಡಿನ ಅಂಗಳಕ್ಕೆ ಯಾವ ತೋಟ: ಕಳ್ಳಿ-ಕಲ್ಲಿನದೋ, ಕುರುಚಲು ಗಿಡದ್ದೋ, ಹೂವಿನದೋ?

ರಾಯಚೂರು, ಕೊಪ್ಪಳ, ಬಳ್ಳಾರಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಈಗ ಮೊಬೈಲ್ ತೆಗೆದು ಒಂದು ಫೋಟೋ ತೋರಿಸುತ್ತಾರೆ. ಬಿಳಿ ಕಲ್ಲು ಹಾಸಿದ ಅಂಗಳ, ನಡುವೆ ಗುಂಡು ಕಳ್ಳಿ, ಮೂಲೆಗೊಂದು ದೊಡ್ಡ ಕತ್ತಾಳೆ. "ಇಂಥದ್ದು ಮಾಡ್ರಿ, ನೀರು ಹಾಕೂ ತಾಪತ್ರಯ ಬ್ಯಾಡ" ಅನ್ನುತ್ತಾರೆ. ಆಸೆ ಸರಿಯಾದದ್ದೇ. ನಳಕ್ಕೆ ನೀರು ಬರುವ ದಿನ ಕಾಯಬೇಕಾದ, ಬೋರ್‌ವೆಲ್ ನೀರು ಸವಳಾದ ಊರುಗಳಲ್ಲಿ ಕಡಿಮೆ ನೀರಿನ ತೋಟವೇ ಬೇಕು. ಆದರೆ ಅದಕ್ಕೆ ದಾರಿ ಒಂದೇ ಅಲ್ಲ, ಮೂರಿವೆ. ನಿಮ್ಮ ಅಂಗಳಕ್ಕೆ ಯಾವುದು ಹೊಂದುತ್ತದೆ ಎಂಬುದನ್ನು ಫೋಟೋ ಹೇಳುವುದಿಲ್ಲ, ಕಾಲಡಿಯ ಮಣ್ಣು ಹೇಳುತ್ತದೆ.

ಆ ಫೋಟೋ ಎಲ್ಲಿಯದು ಎಂದು ಮೊದಲು ನೋಡಿ. ಬಹುಪಾಲು ಅಮೆರಿಕದ ಅರಿಜೋನಾ ಕಡೆಯದು. ಅಲ್ಲಿನ ಫೀನಿಕ್ಸ್ ನಗರಕ್ಕೆ ವರ್ಷಕ್ಕೆ ಬೀಳುವ ಮಳೆ 200 ಮಿ.ಮೀ. ಆಸುಪಾಸು. ನಮ್ಮ ಮೂರೂ ಜಿಲ್ಲೆಗಳಲ್ಲಿ ಸುಮಾರು 500ರಿಂದ 650 ಮಿ.ಮೀ. ಬೀಳುತ್ತದೆ, ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್ ಹಿಂದುಮುಂದಿನ ಕೆಲವೇ ದೊಡ್ಡ ಮಳೆಗಳಲ್ಲಿ ಬಂದುಬಿಡುತ್ತದೆ. ಹಾಗಾಗಿ ಇಲ್ಲಿನ ಗಿಡ ಎರಡು ಪರೀಕ್ಷೆ ದಾಟಬೇಕು. ದೀಪಾವಳಿಯಿಂದ ಕಾರಹುಣ್ಣಿಮೆಯವರೆಗೆ ಹನಿ ಇಲ್ಲದೆ ಬದುಕಬೇಕು, ಆಮೇಲೆ ವಾರಗಟ್ಟಲೆ ಬೇರು ಹಸಿಯಲ್ಲಿದ್ದರೂ ಕೊಳೆಯಬಾರದು. ಮೊದಲನೆಯದನ್ನು ಕಳ್ಳಿಗಳೆಲ್ಲ ದಾಟುತ್ತವೆ. ಎರಡನೆಯದರಲ್ಲೇ ಹೆಚ್ಚಿನವು ಸಾಯುತ್ತವೆ.

ಮೊದಲು ಮಣ್ಣು: ಎರೆಯೋ, ಮಸಾರಿಯೋ

ಏಪ್ರಿಲ್‌ನಲ್ಲಿ ಖಾಲಿ ಸೈಟಿನಲ್ಲಿ ನಿಂತು ನೋಡಿ. ನೆಲ ಬಾಯಿಬಿಟ್ಟಿದ್ದು, ಬಿರುಕಿನೊಳಗೆ ಬೆರಳು ಇಳಿದು ಅಂಗೈವರೆಗೂ ಹೋದರೆ ಅದು ಎರೆ, ಅಂದರೆ ಕಪ್ಪು ಜಿಗುಟು ಮಣ್ಣು. ಆ ಬಿರುಕು ಬರೀ ಮೇಲ್ಮೈಯದಲ್ಲ, ಒಳಗಿನ ಎಳೆ ಬೇರುಗಳನ್ನೂ ಹರಿದಿರುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಉಬ್ಬಿ, ಬಿರುಕು ಮುಚ್ಚಿ, ನೀರನ್ನು ಹಿಡಿದಿಟ್ಟು ಬಿಡುವುದೇ ಇಲ್ಲ. ಮಸಾರಿ ಹಾಗಲ್ಲ. ಕೆಂಪಗೆ, ಗರಸು ಬೆರೆತು, ಬಿದ್ದ ನೀರನ್ನು ಕೆಳಗೆ ಬಿಟ್ಟುಕೊಡುತ್ತದೆ, ಬೇಗ ಒಣಗುತ್ತದೆ. ಬಳ್ಳಾರಿಯ ಗುಡ್ಡದ ಸುತ್ತ, ಕೊಪ್ಪಳ-ಕುಷ್ಟಗಿಯ ಬಹಳ ಕಡೆ ಮಸಾರಿ. ಸಿರುಗುಪ್ಪ, ಸಿಂಧನೂರು, ಮಾನ್ವಿ ಕಡೆ ಎರೆ ಹೆಚ್ಚು. ಒಂದೇ ಊರಲ್ಲಿ ರಸ್ತೆ ಆಚೆ ಎರೆ, ಈಚೆ ಮಸಾರಿ ಇರುವುದೂ ಉಂಟು. ಹೊಸ ಬಡಾವಣೆಗಳಲ್ಲಿ ಮೇಲೆ ಒಂದಡಿ ಗರಸು ತಂದು ಸುರಿದಿರುತ್ತಾರೆ, ಕೆಳಗೆ ಎರೆಯೇ ಇರುತ್ತದೆ. ಎರಡಡಿ ಗುಂಡಿ ತೋಡಿಯೇ ನೋಡಬೇಕು.

ಗುಂಡಿ ತೋಡಿದ ಮೇಲೆ ಅದರ ತುಂಬ ನೀರು ಸುರಿಯಿರಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ ಬಿಡಿ. ಮರುದಿನ ಬೆಳಗ್ಗೆಯೂ ನೀರು ನಿಂತಿದ್ದರೆ ಆ ನೆಲದಲ್ಲಿ ಕಳ್ಳಿ, ಬುಡ ದಪ್ಪಗಿರುವ ಹೂಗಿಡ ಅಡೇನಿಯಂ, ಕತ್ತಾಳೆ ಯಾವುದನ್ನೂ ನೇರವಾಗಿ ನೆಡುವಂತಿಲ್ಲ. ಎರೆಗೆ ಎರಡು ಬುಟ್ಟಿ ಉಸುಕು ಬೆರೆಸಿದರೆ ಸರಿಹೋಗುತ್ತದೆ ಎಂದು ಮಾಲಿಗಳು ಹೇಳುತ್ತಾರೆ. ಹೋಗುವುದಿಲ್ಲ. ಅಷ್ಟು ಕಡಿಮೆ ಉಸುಕು ಜಿಗುಟು ಮಣ್ಣಿನಲ್ಲಿ ಸೇರಿಕೊಂಡು ಇನ್ನೂ ಗಟ್ಟಿಯಾಗುತ್ತದೆ. ಎರೆಯನ್ನು ಬದಲಿಸುವುದಕ್ಕಿಂತ ಅದರ ಮೇಲೆ ಬೇರೆ ಮಣ್ಣಿನ ಏರಿ, ಅಂದರೆ ದಿಬ್ಬ, ಕಟ್ಟುವುದು ಸುಲಭ.

ಕಳ್ಳಿ-ಕಲ್ಲಿನ ತೋಟ

ನೋಟಕ್ಕೆ ಇದನ್ನು ಮೀರಿಸುವುದು ಕಷ್ಟ. ವರ್ಷವಿಡೀ ಒಂದೇ ರೂಪ, ಎಲೆ ಉದುರುವುದಿಲ್ಲ, ಕತ್ತರಿಸುವ ಕೆಲಸವಿಲ್ಲ. ಹಗಲು ಮೈಮೇಲಿನ ಸಣ್ಣ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುವ ಗಿಡಗಳಿವು, ಅದಕ್ಕೇ ಇಷ್ಟು ಕಡಿಮೆ ನೀರು ಸಾಕು. ಚಿಕ್ಕ ಜಾಗಕ್ಕೆ, ಗೇಟಿನ ಪಕ್ಕದ ಪಟ್ಟಿಗೆ, ಬಾಡಿಗೆ ಮನೆಯವರ ಕುಂಡಗಳಿಗೆ ಬಹಳ ಒಳ್ಳೆಯದು.

ಖರ್ಚು ಮಾತ್ರ ಮೂರರಲ್ಲಿ ಇದಕ್ಕೇ ಹೆಚ್ಚು. ಕಲ್ಲು, ಗರಸು, ದೊಡ್ಡ ಗಿಡ ಎಲ್ಲವೂ ದುಡ್ಡು. ಎರೆ ನೆಲವಾದರೆ ಒಂದರಿಂದ ಒಂದೂವರೆ ಅಡಿ ಎತ್ತರದ ಏರಿ ಕಟ್ಟಿ, ಎರಡು ಪಾಲು ಗರಸು ಇಲ್ಲವೇ ದಪ್ಪ ಉಸುಕು, ಒಂದು ಪಾಲು ಮಸಾರಿ, ಒಂದಿಷ್ಟು ಹಳೇ ತಿಪ್ಪೆಗೊಬ್ಬರ ಸೇರಿಸಿ ತುಂಬಬೇಕು. ಎರೆಯ ಮೇಲೆ ನೇರವಾಗಿ ಜಲ್ಲಿ ಹಾಸಿದರೆ ಬೇಸಿಗೆಯ ಬಿರುಕಿಗೆ ಕಲ್ಲು ಇಳಿಯುತ್ತ ಹೋಗಿ, ಎರಡು ಮಳೆಗಾಲದಲ್ಲಿ ಅರ್ಧ ಕಲ್ಲು ಮಾಯ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕುವವರಿದ್ದಾರೆ. ಅದು ಮಳೆನೀರನ್ನು ಒಳಗೆ ಬಿಡುವುದಿಲ್ಲ, ಕಳೆಯನ್ನೂ ತಡೆಯುವುದಿಲ್ಲ. ಆಷಾಢದ ಗಾಳಿ ತಂದ ಧೂಳು ಕಲ್ಲಿನ ಸಂದಿಯಲ್ಲಿ ಕೂತು, ಅದರ ಮೇಲೇ ಕಳೆ ಏಳುತ್ತದೆ. ನಾಲ್ಕಾರು ಇಂಚು ಗರಸು ಬಡಿದು, ಮೇಲೆ ಎರಡು ಮೂರು ಇಂಚು ಕಲ್ಲು ಹಾಸುವುದೇ ಸರಿ.

ಧೂಳಿನ ಮಾತು ಬಂದದ್ದಕ್ಕೆ ಇನ್ನೊಂದು. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು, ಕೊಪ್ಪಳದ ಕಾರ್ಖಾನೆಗಳ ಸುತ್ತಲಿನ ಕಪ್ಪು ಧೂಳು ಇರುವಲ್ಲಿ ಮುಳ್ಳು ದಟ್ಟವಾಗಿರುವ ಕಳ್ಳಿ ಬೇಡ. ಮುಳ್ಳಿನ ನಡುವೆ ಕೂತ ಧೂಳನ್ನು ಒರೆಸಲು ಬರುವುದಿಲ್ಲ, ತೊಳೆಯಲು ನೀರು ಬೇಕು. ಅಂಥ ಕಡೆ ನುಣುಪು ಮೈಯ ಕತ್ತಾಳೆ, ಲೋಳೆಸರ ನೆಡಿ. ಒಂದು ಮಳೆಗೆ ತೊಳೆದುಹೋಗುತ್ತವೆ.

ಗಿಡ ಆರಿಸುವಾಗ ಎತ್ತರಕ್ಕೆ ಬೆಳೆಯುವ ಕಂಬದಂಥ ಸೆರಿಯಸ್ ನಮ್ಮ ಬಿಸಿಲಿಗೆ ಗಟ್ಟಿ. ಗುಂಡನೆಯ ಗೋಲ್ಡನ್ ಬ್ಯಾರೆಲ್ ಚೆಂದ, ಆದರೆ ನರ್ಸರಿಯಲ್ಲಿ ನೆರಳುಪರದೆ ಕೆಳಗೆ ಬೆಳೆದದ್ದನ್ನು ಏಪ್ರಿಲ್ ಬಿಸಿಲಿಗೆ ತಂದಿಟ್ಟರೆ ಪಡುವಣ ಮೈ ಸುಟ್ಟು ಹಳದಿ ಕಲೆ ಬೀಳುತ್ತದೆ, ಆ ಕಲೆ ಹೋಗುವುದೇ ಇಲ್ಲ. ಪಾಪಾಸುಕಳ್ಳಿ ನೆಡುವುದಿದ್ದರೆ ಬಿಳಿ ಹತ್ತಿಯಂಥ ಚುಕ್ಕೆಗಳ ಮೇಲೆ ಕಣ್ಣಿಡಿ. ಉಗುರಿನಿಂದ ಒತ್ತಿದರೆ ಕುಂಕುಮದ ನೀರಿನಂಥ ಕೆಂಪು ಬಂದರೆ ಅದು ಕೊಚಿನೀಲ್ ಹುಳ. ದಕ್ಷಿಣ ಭಾರತದ ಹೊಲಗಳನ್ನು ತುಂಬಿದ್ದ ಪಾಪಾಸುಕಳ್ಳಿಯನ್ನು ತಿನ್ನಿಸಲೆಂದೇ 1926ರಲ್ಲಿ ಶ್ರೀಲಂಕಾದಿಂದ ತಂದು ಬಿಟ್ಟ ಹುಳ ಅದು, ಈಗ ಅಂಗಳದ ಗಿಡಕ್ಕೂ ಬರುತ್ತದೆ. ಕತ್ತಾಳೆ ಹಲವು ವರ್ಷ ಬೆಳೆದು, ಒಮ್ಮೆ ಕಂಬದಂಥ ಹೂಗೊನೆ ಬಿಟ್ಟು ಸಾಯುತ್ತದೆ. ಬುಡದ ಮರಿಗಳನ್ನು ಮೊದಲೇ ಎತ್ತಿಟ್ಟುಕೊಳ್ಳಿ. ಅದರ ಎಲೆತುದಿಯ ಮುಳ್ಳು ಮಗುವಿನ ಕಣ್ಣಿನ ಎತ್ತರಕ್ಕೇ ಇರುತ್ತದೆ, ಓಡಾಡುವ ದಾರಿಯಿಂದ ಮೂರು ನಾಲ್ಕು ಅಡಿ ದೂರ ಬಿಡಿ. ನಮ್ಮ ಬೇಲಿಯ ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅಪಾಯ ಎಂಬುದು ಹಳ್ಳಿಯವರಿಗೆಲ್ಲ ಗೊತ್ತು. ಅಡೇನಿಯಂ ಹಾಲೂ ವಿಷವೇ.

ಮನೆಯ ಹಿರಿಯರ ಮಾತನ್ನೂ ಲೆಕ್ಕಕ್ಕೆ ತಗೊಳ್ಳಿ. "ಮನಿ ಮುಂದ ಮುಳ್ಳಿನ ಗಿಡ ಹಚ್ಚಬ್ಯಾಡಪ್ಪ" ಎಂದು ಅವ್ವ ಹೇಳಿದರೆ ಚುಚ್ಚುವ ಮುಳ್ಳಿಲ್ಲದ ಲೋಳೆಸರ, ಮಂಗರವಳ್ಳಿ, ದೇವಕಣಗಿಲೆಗಳಿಂದಲೂ ಇದೇ ನೋಟ ತರಬಹುದು.

ಈ ತೋಟದ ದೊಡ್ಡ ತೊಂದರೆ ಬೇರೆಯೇ ಇದೆ: ಸೆಕೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಅಂಗಳದ ತುಂಬ ಕಲ್ಲು ಹಾಸಿದರೆ ಅದು ಹಗಲೆಲ್ಲ ಕಾದು, ರಾತ್ರಿ ಮಲಗುವ ಹೊತ್ತಿಗೆ ಆ ಕಾವನ್ನು ಗೋಡೆಗೆ, ಕಿಟಕಿಗೆ ಬಿಡುತ್ತದೆ. ಬಳ್ಳಾರಿಯ ಗುಡ್ಡದ ಬುಡದಲ್ಲಿ ಮನೆ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಉಳಿಸಿದೆವೆಂದು ಹೇಳಿ ಏಸಿಗೆ ಕರೆಂಟ್ ಸುಟ್ಟರೆ ಏನು ಬಂತು? ಪಡುವಣ ಗೋಡೆಗೆ ಹೊಂದಿಕೊಂಡ ಜಾಗದಲ್ಲಿ ಕಲ್ಲುಹಾಸು ಬೇಡವೇ ಬೇಡ ಎಂಬುದು ನನ್ನ ಗಟ್ಟಿ ಮಾತು. ಮೂಡಣ ಇಲ್ಲವೇ ಬಡಗಣ ಭಾಗದಲ್ಲಿ, ಒಟ್ಟು ಅಂಗಳದ ಕಾಲುಭಾಗ ಮೀರದಂತೆ ಇದ್ದರೆ ಚೆಂದ.

ಕುರುಚಲು ಗಿಡದ ತೋಟ

ಆನೆಗೊಂದಿಯಿಂದ ಗಂಗಾವತಿಗೆ ಬರುವಾಗ, ಇಲ್ಲವೇ ದರೋಜಿ ಕಡೆ ಹೋಗುವಾಗ ದಾರಿಬದಿ ನೋಡಿ. ಬೂದು-ಗುಲಾಬಿ ಗುಂಡುಬಂಡೆಗಳ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳು, ಸಂದಿಯಲ್ಲಿ ಹಳದಿ ತಂಗಡಿ, ಬುಡದಲ್ಲಿ ಒಣಗಿ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಲ್ಲು. ಇದೂ ಒಣನಾಡಿನ ನೋಟವೇ, ಅದೂ ಎರವಲಿನದಲ್ಲ. ನನ್ನನ್ನು ಕೇಳಿದರೆ ಮೂರು ಜಿಲ್ಲೆಗಳ ಹೆಚ್ಚಿನ ಅಂಗಳಗಳಿಗೆ ಇದೇ ಮೊದಲ ಆಯ್ಕೆ, ಯಾಕೆಂದರೆ ಈ ಗಿಡಗಳು ನಮ್ಮ ಎಂಟು ತಿಂಗಳ ಒಣಗನ್ನೂ ಸೆಪ್ಟೆಂಬರಿನ ಹಸಿಯನ್ನೂ ಎರಡನ್ನೂ ಕಂಡವು.

ತಂಗಡಿಯನ್ನು ಹತ್ತಿರದಿಂದ ನೋಡಿ. ಕೊಂಬೆಯ ತುದಿಯಲ್ಲಿ ಗುಂಡು ಮೊಗ್ಗುಗಳ ಗೊಂಚಲು, ಅರಳಿದ ಹೂವಿನ ಎಸಳ ಮೇಲೆ ಸುಕ್ಕಿನಂಥ ಸಣ್ಣ ಮಡಿಕೆ, ಎಲೆಯಡಿಯಲ್ಲಿ ಹಳದಿ-ಹಸಿರು ಚಿಟ್ಟೆಯ ಹುಳು. ನೆಟ್ಟ ಎರಡನೇ ವರ್ಷಕ್ಕೆ ಸೊಂಟದೆತ್ತರ ಬಂದು, ಮಳೆ ಮುಗಿಯುವ ಹೊತ್ತಿಗೆ ಮೈತುಂಬ ಹೂ. ಆಡು, ದನ ಬಾಯಿ ಹಾಕುವುದು ಕಡಿಮೆ, ಕಾಂಪೌಂಡ್ ಇಲ್ಲದ ಮನೆಗೆ ಇದು ದೊಡ್ಡ ಅನುಕೂಲ. ಇದರ ತೊಗಟೆಯಿಂದ ತೊಗಲು ಹದ ಮಾಡುತ್ತಿದ್ದ ಕಾಲವೂ ಇತ್ತು.

ಬೇಲಿಗೆ ಬಂದರಿಕೆ. ಎಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ, ಕತ್ತರಿ ಎಷ್ಟು ಆಡಿಸಿದರೂ ಚಿಗುರುತ್ತದೆ, ರೆಕ್ಕೆಯಂಥ ಕಾಯಿಗಳು ಬಲಿಯುವಾಗ ಕೆಂಪಾಗುತ್ತವೆ. ಮುಳ್ಳುಬೇಲಿಯೇ ಬೇಕಾದರೆ ಕವಳಿ ಹಚ್ಚಿ, ಹಣ್ಣು ಉಪ್ಪಿನಕಾಯಿಗೆ ಆಗುತ್ತದೆ. ಮೂಲೆಗೆ ಲಕ್ಕಿ (ನೆಕ್ಕಿ) ಗಿಡ, ಹನುಮಪ್ಪನಿಗೆ ಹೂ ಬೇಕೆನ್ನುವವರಿಗೆ ಎಕ್ಕ, ಹಿತ್ತಲಿಗೆ ಸೀತಾಫಲ. ಇಳಿಜಾರು ಇದ್ದರೆ ಲಾವಂಚದ ಸಾಲು ಮಣ್ಣು ಹಿಡಿದು ನಿಲ್ಲಿಸುತ್ತದೆ.

ಈ ತೋಟದ ಕೊರತೆ ಎಂದರೆ ಬೇಸಿಗೆಯಲ್ಲಿ ಅರ್ಧ ಬೋಳಾಗಿ ಕಾಣುವುದು. ಬಂದ ನೆಂಟರು "ಗಿಡ ಒಣಗ್ಯಾವಲ್ರಿ" ಅನ್ನುತ್ತಾರೆ. ಅದನ್ನು ತಡೆದುಕೊಳ್ಳುವ ಮನಸ್ಸು ಇಲ್ಲದವರು ಈ ದಾರಿ ಹಿಡಿಯಬೇಡಿ. ಒಣ ನೋಟಕ್ಕೂ ಆಕಾರ ಕೊಡಲು ಎರಡು ಮೂರು ದೊಡ್ಡ ಗುಂಡುಗಳನ್ನು ಇಟ್ಟು, ಮೂರನೇ ಒಂದು ಭಾಗ ನೆಲದೊಳಗೆ ಹುಗಿಯಿರಿ. ಹಾಗೆ ಹುಗಿದ ಕಲ್ಲು ಅಲ್ಲೇ ಹುಟ್ಟಿದಂತೆ ಕಾಣುತ್ತದೆ, ಅಡಿಯಲ್ಲಿ ಚೇಳು ಸೇರಿಕೊಳ್ಳುವ ಸಂದಿಯೂ ಉಳಿಯುವುದಿಲ್ಲ. ಸಣ್ಣ ಕಲ್ಲುಗಳನ್ನು ಗುಡ್ಡೆ ಹಾಕಬೇಡಿ. ಕಲ್ಲಿಗೆ ಗುಡ್ಡಕ್ಕೆ ಹೋಗುವುದೂ ಬೇಡ, ಕ್ವಾರಿಗಳಲ್ಲಿ ಬಿಸಾಡಿದ ಗ್ರಾನೈಟ್ ತುಂಡು ಬೇಕಾದಷ್ಟು ಸಿಗುತ್ತದೆ. ಗಿಡವನ್ನೂ ಕಾಡಿನಿಂದ ಕಿತ್ತು ತರಬೇಡಿ. ಈ ಜಾತಿಗಳ ಬೇರು ಆಳ, ಕಿತ್ತರೆ ಬದುಕುವುದು ಅಪರೂಪ. ಬೀಜ ತಂದರೆ ಸಾಕು.

ಒಂದನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ: ಬಳ್ಳಾರಿ ಜಾಲಿ. ಹೆಸರಿನಲ್ಲಿ ನಮ್ಮೂರು ಇದ್ದರೂ ಅದು ಅಮೆರಿಕ ಖಂಡದಿಂದ ಬಂದದ್ದು, 1870ರ ದಶಕದಲ್ಲಿ ಪಕ್ಕದ ಕಡಪ ಭಾಗದಲ್ಲಿ ನೆಡಲು ಶುರು ಮಾಡಿದ್ದು. ಒಂದು ಗಿಡ ಅಂಗಳಕ್ಕೆ ಬಂದರೆ ಆಡುಗಳ ಹಿಕ್ಕೆಯಲ್ಲಿ ಬೀಜ ಊರೆಲ್ಲ ಹರಡುತ್ತದೆ. ಲಂಟಾನವೂ ಬೇಡ. ರಸ್ತೆ ಪಕ್ಕ ಗೋಡೆಯಂತೆ ಹಸಿರಾಗಿ ನಿಲ್ಲುವ ಕೊನೊಕಾರ್ಪಸ್ ಈಚೆಗೆ ಎಲ್ಲರಿಗೂ ಬೇಕು. ಅದರ ಬೇರು ಪೈಪು, ಚರಂಡಿಗಳಿಗೆ ನುಗ್ಗುವ ದೂರು, ಪರಾಗದಿಂದ ಅಲರ್ಜಿಯ ದೂರು ಇವುಗಳಿಂದ ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಹೂವಿನ ತೋಟವೇ ಬೇಕೆನ್ನುವವರಿಗೆ

ಪೂಜೆಗೆ ನಾಲ್ಕು ಹೂ ಬೇಕು, ಮನೆ ಮುಂದೆ ಬಣ್ಣ ಬೇಕು ಎನ್ನುವವರಿಗೆ ನಡುದಾರಿ ಇದೆ. ಕಾಗದದ ಹೂ, ಕಣಗಿಲೆ, ದೇವಕಣಗಿಲೆ, ನಿತ್ಯಪುಷ್ಪ, ಟೇಬಲ್ ರೋಸ್. ಬೇರೂರಿದ ಮೇಲೆ ವಾರಕ್ಕೊಮ್ಮೆ ನೀರು ಸಾಕು. ಕಾಗದದ ಹೂವಿಗಂತೂ ನೀರು ಹೆಚ್ಚಾದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಕಣಗಿಲೆ ಪೂರ್ತಿ ವಿಷ, ಸಣ್ಣ ಮಕ್ಕಳಿರುವ ಮನೆಯಲ್ಲಿ ಬೇಡ. ದಾಸವಾಳ, ಮಲ್ಲಿಗೆ, ಗುಲಾಬಿಗಳನ್ನು ಇವುಗಳ ನಡುವೆ ಬೆರೆಸಬೇಡಿ, ಬಚ್ಚಲ ಹತ್ತಿರ ಒಂದೆಡೆ ಒಟ್ಟಿಗೆ ಇಡಿ. ಒಂದೇ ಬಾಯಾರಿಕೆಯ ಗಿಡಗಳನ್ನು ಒಂದೆಡೆ ಸೇರಿಸುವುದು ಬರದ ತೋಟದ ಮುಖ್ಯ ಸೂತ್ರ. ಅಮೆರಿಕದ ಡೆನ್ವರ್ ನಗರದ ನೀರು ಇಲಾಖೆ 1981ರಲ್ಲಿ ಝೆರಿಸ್ಕೇಪ್ ಹೆಸರಿನಲ್ಲಿ ಈ ಬಗೆಯ ತೋಟಗಾರಿಕೆ ಹರಡಲು ಹೊರಟಾಗಲೂ ಇದನ್ನೇ ಹೇಳಿತ್ತು.

ನೆಲಕ್ಕೆ ಏನು, ನೆರಳಿಗೆ ಏನು

ಹುಲ್ಲುಹಾಸಿನ ಲೆಕ್ಕ ಒಮ್ಮೆ ಹಾಕಿ. ನಮ್ಮ ಬೇಸಿಗೆಯಲ್ಲಿ ಹಸಿರು ಹುಲ್ಲಿನಿಂದ ದಿನಕ್ಕೆ ಸುಮಾರು 6 ಮಿ.ಮೀ. ನೀರು ಆವಿಯಾಗುತ್ತದೆ. 20 ಅಡಿಗೆ 20 ಅಡಿ ಹಾಸು ಎಂದರೆ 37 ಚದರ ಮೀಟರ್, ದಿನಕ್ಕೆ 220 ಲೀಟರ್, ತಿಂಗಳಿಗೆ 6,600 ಲೀಟರ್. ಒಂದು ಟ್ಯಾಂಕರ್ ಮೀರಿತು. ಕುಳಿತುಕೊಳ್ಳಲು ಹಸಿರು ಬೇಕೇಬೇಕೆಂದರೆ ಊರ ಗರಿಕೆ ಬಿಡಿ. ಬೇಸಿಗೆಯಲ್ಲಿ ಕಂದಾಗಿ ಮಲಗುತ್ತದೆ, ಮೊದಲ ಮಳೆಗೆ ಏಳುತ್ತದೆ, ಗಣಪನಿಗೂ ಆಯಿತು. ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಬರಿಗಾಲಿಡಲಾಗದಷ್ಟು ಕಾಯುತ್ತದೆ, ಅದರ ಬದಲು ಶಹಾಬಾದ ಫರಸಿ ಕಲ್ಲನ್ನು ಸಂದಿ ಬಿಟ್ಟು ಹಾಸಿ, ಸಂದಿಯಲ್ಲಿ ಗರಿಕೆ ಬೆಳೆಸಿ.

ಹೊದಿಕೆಗೆ ಕಲ್ಲಿಗಿಂತ ಬೇವು, ಹೊಂಗೆಯ ಒಣಗಿದ ಎಲೆ ಮೇಲು. ನೆಲ ತಂಪಾಗಿರುತ್ತದೆ, ಎರೆಯ ಬಿರುಕೂ ಕಡಿಮೆ. ಶೇಂಗಾ ಹೊಟ್ಟು ಚೆನ್ನ. ಗಂಗಾವತಿ, ಸಿಂಧನೂರಿನಲ್ಲಿ ಪುಕ್ಕಟೆ ಸಿಗುವ ಭತ್ತದ ಹೊಟ್ಟು ಆಷಾಢದ ಗಾಳಿಗೆ ನಿಲ್ಲುವುದಿಲ್ಲ, ಮೇಲೆ ತೆಳ್ಳಗೆ ಮಣ್ಣು ಉದುರಿಸಬೇಕು. ಮಸಾರಿಯಲ್ಲಿ ಗೆದ್ದಲು ಇದ್ದರೆ ಕಾಂಡದಿಂದ ಒಂದು ಗೇಣು ದೂರವಿರಲಿ.

ಮರ ಒಂದಾದರೂ ಇರಲಿ, ಪಡುವಣಕ್ಕೆ. ಹೊಂಗೆ, ಬೇವು, ಕಕ್ಕೆ ಮೂರರಲ್ಲಿ ಆರಿಸುವುದಾದರೆ ನನಗೆ ಹೊಂಗೆ. ಸರಿಯಾಗಿ ಏಪ್ರಿಲ್ ಬಿಸಿಲಿಗೆ ಹೊಸ ಚಿಗುರು ತುಂಬಿ ದಟ್ಟ ನೆರಳು ಕೊಡುತ್ತದೆ, ಸವಳನ್ನೂ ತಡೆಯುತ್ತದೆ. ಬೇವು ಬಹಳ ದೊಡ್ಡದಾಗುತ್ತದೆ, ಎರೆಯಲ್ಲಿ ಪಾಯದಿಂದ 15-20 ಅಡಿ ದೂರ ಬೇಕು. ಅಷ್ಟು ಜಾಗವಿಲ್ಲದ 30×40 ಸೈಟಿಗೆ ಕಕ್ಕೆ ಒಳ್ಳೆಯದು, ನೆರಳು ತೆಳುವಾದರೂ ಮೇ ತಿಂಗಳಲ್ಲಿ ಹಳದಿ ಗೊಂಚಲು ಇಳಿಬಿಡುತ್ತದೆ.

ನೀರು ಕೊಡುವ ಬಗೆ

ಬರ ತಡೆಯುವ ಗಿಡಕ್ಕೂ ಮೊದಲ ಎರಡು ಬೇಸಿಗೆ ನೀರು ಬೇಕು. ದಿನಾ ಒಂದು ತಂಬಿಗೆ ಹಾಕಿದರೆ ಬೇರು ಮೇಲೇ ಉಳಿಯುತ್ತದೆ, ವಾರಕ್ಕೊಮ್ಮೆ ಎರಡು ಕೊಡ ಹಾಕಿದರೆ ಆಳಕ್ಕೆ ಹೋಗುತ್ತದೆ. ಡ್ರಿಪ್ ಅನುಕೂಲ, ಆದರೆ ಗಡಸು ನೀರಿನ ಬೋರ್‌ವೆಲ್ ಇದ್ದರೆ ಡ್ರಿಪ್ಪರ್ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ, ಬಿಚ್ಚಿ ತೊಳೆಯುತ್ತಿರಬೇಕು. ಹತ್ತಾರು ಗಿಡಗಳಿಗೆ ನಾನು ಹೇಳುವುದು ಮಡಕೆ. ಬಣ್ಣ ಬಳಿಯದ ಐದು ಲೀಟರಿನ ಮಡಕೆಯನ್ನು ಗಿಡದ ಪಕ್ಕ ಕತ್ತಿನವರೆಗೆ ಹುಗಿದು, ತುಂಬಿಸಿ, ಬಾಯಿಗೆ ಮುಚ್ಚಳ ಇಡಿ. ನೀರು ಬೇಕಾದಷ್ಟೇ ಜಿನುಗುತ್ತದೆ. ಕಳ್ಳಿಗಳ ಪಕ್ಕ ಮಾತ್ರ ಮಡಕೆ ಬೇಡ.

ಆರ್‌ಓ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವವರು ಒಂದನ್ನು ನೆನಪಿಡಿ, ಅದರಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ. ದಿನಾ ಒಂದೇ ಬುಡಕ್ಕೆ ಹಾಕಿದರೆ ಎಲೆಯಂಚು ಸುಡುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿ ಕಂಡರೆ, ಅದರಲ್ಲೂ ಕಾಲುವೆ ಕೆಳಗಿನ ಊರುಗಳಲ್ಲಿ, ನೀರು-ಮಣ್ಣು ಎರಡನ್ನೂ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ಪರೀಕ್ಷೆ ಮಾಡಿಸಿ. ಎಲ್ಲಕ್ಕಿಂತ ಒಳ್ಳೆಯ ನೀರು ಮಾಳಿಗೆಯದು. 1,000 ಚದರ ಅಡಿ ಮಾಳಿಗೆಯ ಮೇಲೆ 600 ಮಿ.ಮೀ. ಮಳೆ ಎಂದರೆ, ಐದನೇ ಒಂದು ಪಾಲು ಪೋಲಾದರೂ ಸುಮಾರು 45,000 ಲೀಟರ್. ಪೂರ್ತಿ ಹಿಡಿಯಲು ಆಗದಿದ್ದರೆ ಪೈಪನ್ನು ರಸ್ತೆಗೆ ಬಿಡದೆ ಮರದ ಬುಡದ ಇಂಗುಗುಂಡಿಗೆ ತಿರುಗಿಸಿ.

ಹಾಗಾದರೆ ಯಾವುದು? ಎರೆ ನೆಲ, ದೊಡ್ಡ ಅಂಗಳ ಇದ್ದರೆ ಕುರುಚಲು ತೋಟ, ಕಳ್ಳಿಯ ಆಸೆಗೆ ಒಂದು ಏರಿ. ಮಸಾರಿ, ಚಿಕ್ಕ ಸೈಟು, ನೋಡಿಕೊಳ್ಳಲು ಪುರುಸೊತ್ತಿಲ್ಲ ಎಂದರೆ ಕಳ್ಳಿ-ಕಲ್ಲು, ಪಡುವಣಕ್ಕೆ ಒಂದು ಕಕ್ಕೆ. ಸವಳು ನೀರು ಇದ್ದಲ್ಲಿ ಹೊಂಗೆ, ಎಕ್ಕ, ಕಾಗದದ ಹೂ. ಬಾಡಿಗೆ ಮನೆಯಾದರೆ ಕುಂಡದಲ್ಲಿ ಅಡೇನಿಯಂ, ಮಳೆಗಾಲದಲ್ಲಿ ಸೂರಿನ ಕೆಳಗೆ ಸರಿಸಿ.

ಮರ ಮತ್ತು ಕುರುಚಲು ಗಿಡಗಳನ್ನು ಜೂನ್-ಜುಲೈಯಲ್ಲಿ ನೆಡಿ, ಹೊಂಗೆ, ಬೇವು ಸಸಿಗಳು ಆ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ತಂಗಡಿ ಬೀಜದ ಸಿಪ್ಪೆ ಗಟ್ಟಿ, ಒರಟು ಕಲ್ಲಿಗೆ ತುಸು ಉಜ್ಜಿ, ರಾತ್ರಿಯಿಡೀ ನೆನೆಸಿ ಬಿತ್ತಬೇಕು. ಕಳ್ಳಿ, ಕತ್ತಾಳೆಗಳಿಗೆ ಅವಸರ ಬೇಡ. ಮಳೆ ಪೂರ್ತಿ ನಿಂತು ದೀಪಾವಳಿ ಕಳೆದ ಮೇಲೆ ನೆಟ್ಟು, ಒಂದು ವಾರ ನೀರು ಹಾಕದೆ ಬಿಡಿ. ಕಿತ್ತಾಗ ಗಾಯವಾದ ಬೇರು ಒಣಗಿ ಮಾಯಲು ಅಷ್ಟು ದಿನ ಬೇಕು.